ಪ್ಯಾಕೆಟ್ ಇಲ್ಲದ ಮೈಕ್ರೋವೇವ್ ಪಾಪ್‌ಕಾರ್ನ್: ಒಂದು ಗಾಜಿನ ಬೌಲ್, ಒಂದು ತಟ್ಟೆ, ಒಂದು ಹಿಡಿ ಕಾಳು

ಮೈಕ್ರೋವೇವ್ ಪಾಪ್‌ಕಾರ್ನ್ ಅಂದರೆ ಕಣ್ಣಮುಂದೆ ಬರುವುದು ಆ ಮಡಚಿದ ಕಾಗದದ ಚೀಲ. ಒಳಗಿಟ್ಟು ಮೂರು ನಿಮಿಷ ಬಿಟ್ಟರೆ ದಿಂಬಿನ ಹಾಗೆ ಉಬ್ಬುತ್ತದೆ. ನಾನೂ ಬಹಳ ವರ್ಷ ಅದನ್ನೇ ತರುತ್ತಿದ್ದೆ. ಆ ಚೀಲದಲ್ಲೇ ಏನೋ ಮಾಯೆ ಇದೆ, ಅದಿಲ್ಲದೆ ಮೈಕ್ರೋವೇವ್‌ನಲ್ಲಿ ಕಾಳು ಅರಳುವುದೇ ಇಲ್ಲ ಅಂತ ನಂಬಿದ್ದೆ. ಒಂದು ಮಳೆಗಾಲದ ಸಂಜೆ ಮಕ್ಕಳು ಪಾಪ್‌ಕಾರ್ನ್ ಬೇಕೇ ಬೇಕು ಅಂತ ಹಟ ಹಿಡಿದರು. ಮನೆಯಲ್ಲಿ ಚೀಲ ಇರಲಿಲ್ಲ. ಕುಕ್ಕರ್‌ನಲ್ಲಿ ಮಾಡೋಣ ಅಂತ ತಂದಿಟ್ಟ ಬಿಡಿ ಕಾಳು ಇತ್ತು, ಆದರೆ ಗ್ಯಾಸ್ ಮುಗಿದಿತ್ತು. ಗಾಜಿನ ಬೌಲ್‌ಗೆ ಒಂದು ಹಿಡಿ ಕಾಳು ಸುರಿದು, ಮೇಲೊಂದು ಪಿಂಗಾಣಿ ತಟ್ಟೆ ಮುಚ್ಚಿ ಒಳಗಿಟ್ಟೆ. ಎರಡು ನಿಮಿಷ ಸದ್ದೇ ಇಲ್ಲ. ಆಮೇಲೆ ಟಪ್. ಮತ್ತೊಂದು ಟಪ್. ಆಮೇಲೆ ಆಲಿಕಲ್ಲು ಮಳೆ ತಗಡಿನ ಮೇಲೆ ಬಿದ್ದ ಹಾಗೆ.

ಆವತ್ತಿನಿಂದ ಚೀಲ ತಂದಿಲ್ಲ. ಈ ನಡುವೆ ಕಾಳು ಸುಟ್ಟಿದ್ದೇನೆ, ಅಡುಗೆಮನೆ ಪೂರ್ತಿ ಹೊಗೆ ಮಾಡಿದ್ದೇನೆ, ಒಂದು ಒಳ್ಳೆಯ ಬೌಲ್ ಒಡೆದಿದ್ದೇನೆ. ನೀವು ಅಷ್ಟೆಲ್ಲ ಮಾಡಬೇಕಾಗಿಲ್ಲ.

ಮೊದಲು ಕಾಳಿನೊಳಗಿನ ನೀರಿನ ವಿಷಯ

ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಪಾಪ್‌ಕಾರ್ನ್ ಕಾಳಿನ ಸಿಪ್ಪೆ ತುಂಬಾ ಗಟ್ಟಿ. ಒಳಗೆ ಪಿಷ್ಟ, ಪಿಷ್ಟದಲ್ಲಿ ಸ್ವಲ್ಪ ನೀರು. ಒಳ್ಳೆಯ ಕಾಳಿನ ತೂಕದಲ್ಲಿ ಸುಮಾರು 14% ನೀರೇ ಇರುತ್ತದೆ. ಮುಟ್ಟಿದರೆ ಮಾತ್ರ ಕಲ್ಲಿನಂತೆ ಒಣ. ಬಿಸಿ ಏರಿದಾಗ ಈ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ಸಿಪ್ಪೆ ಬಿಡುವುದಿಲ್ಲ. ಸೀಟಿಯೇ ಇಲ್ಲದ ಪುಟ್ಟ ಕುಕ್ಕರ್ ಅಂದುಕೊಳ್ಳಿ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂಬತ್ತು ಪಟ್ಟು ಆಗಿರುತ್ತದೆ. ಆಗ ಸಿಪ್ಪೆ ಒಡೆಯುತ್ತದೆ. ಮೆತ್ತಗಾಗಿದ್ದ ಪಿಷ್ಟ ನೊರೆಯ ಹಾಗೆ ಉಕ್ಕಿ, ಗಾಳಿ ತಾಗಿದ್ದೇ ಗಟ್ಟಿಯಾಗುತ್ತದೆ.

ಹಾಗಾಗಿ ಅರಳುವ ಮುಂಚೆ ನೀರು ಕಾಳಿನ ಒಳಗೇ ಇರಬೇಕು. ಅರಳಿದ ಮೇಲೆ ಅದೇ ನೀರು ಬೌಲ್‌ನಿಂದ ಹೊರಗೆ ಹೋಗಬೇಕು. ಪಾಪ್‌ಕಾರ್ನ್ ಕೆಡುವುದು ಬಹುಪಾಲು ಈ ಎರಡರಲ್ಲಿ ಒಂದು ತಪ್ಪಿದಾಗಲೇ.

ನಮ್ಮ ಧಾರವಾಡದ ಕಡೆ ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಜ್ಜಿ ಅಳ್ಳಿನ ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಆಮೇಲೇ ಬಾಣಲೆ ಇಡುತ್ತಿದ್ದರು. "ಒಣಗಿದ್ ಜ್ವಾಳ ಅಳ್ಳ ಆಗಂಗಿಲ್ಲ" ಅನ್ನುತ್ತಿದ್ದರು. ಶೇಕಡಾ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ.

ಯಾವ ಕಾಳು

ಅಂಗಡಿಯಲ್ಲಿ "ಪಾಪ್‌ಕಾರ್ನ್ ಕಾಳು" ಅಂತಲೇ ಕೇಳಿ. ಹಾವೇರಿ, ದಾವಣಗೆರೆ ಕಡೆ ಹೊಲದ ತುಂಬ ಬೆಳೆಯುವ ಸಾಮಾನ್ಯ ಮೆಕ್ಕೆಜೋಳ ಇದಕ್ಕೆ ಆಗುವುದಿಲ್ಲ. ಅದರ ಕಾಳು ದೊಡ್ಡದು, ಪಿಷ್ಟ ಮೆದು, ಸಿಪ್ಪೆ ಅಷ್ಟು ಒತ್ತಡ ತಡೆಯುವುದಿಲ್ಲ. ಬಿಸಿ ಮಾಡಿದರೆ ಬಿರುಕು ಬಿಟ್ಟು ಹುರಿಗಾಳಾಗುತ್ತದೆ ಅಷ್ಟೇ. ಸ್ವೀಟ್ ಕಾರ್ನ್ ಕೂಡ ಅರಳುವುದಿಲ್ಲ. ಪಾಪ್‌ಕಾರ್ನ್ ಮೆಕ್ಕೆಜೋಳದಲ್ಲೇ ಬೇರೆ ಜಾತಿ, ಕಾಳು ಚಿಕ್ಕದು, ಹೊಳಪು ಜಾಸ್ತಿ.

ಬಿಡಿಯಾಗಿ ಮಾರುವ ಕಡೆ ಡಬ್ಬಿ ಒಯ್ದು ತುಂಬಿಸಿಕೊಂಡು ಬನ್ನಿ. ಇಲ್ಲದಿದ್ದರೆ ಅರ್ಧ ಕೆಜಿ ಅಥವಾ ಒಂದು ಕೆಜಿಯ ಪ್ಯಾಕ್ ತನ್ನಿ. "ಇನ್‌ಸ್ಟಂಟ್" ಅಂತ ಬರೆದ ಚಿಕ್ಕ ಪ್ಯಾಕೆಟ್‌ಗಳು ಬೇಡ. ಅವುಗಳಲ್ಲಿ ಕಾಳಿನ ಜೊತೆ ಎಣ್ಣೆ, ಉಪ್ಪು, ಬಣ್ಣ, ಪರಿಮಳ ಮೊದಲೇ ಸೇರಿರುತ್ತದೆ. ಹಿಂಬದಿ ಓದಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಕಾಳು ಬಿಟ್ಟು ಬೇರೆ ಏನೂ ಇರಬಾರದು.

ಮನೆಗೆ ತಂದ ಕೂಡಲೇ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಸುರಿಯಿರಿ. ಉಪ್ಪಿನಕಾಯಿ ಖಾಲಿಯಾದ ಬಾಟಲಿ ತೊಳೆದು ಒಣಗಿಸಿದರೆ ಸಾಕು. ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿನ ಒಣ ಗಾಳಿ ಕಾಳಿನ ನೀರು ಹೀರುತ್ತದೆ.

ಯಾವ ಪಾತ್ರೆ

ಸುಮಾರು ಎರಡು ಲೀಟರ್ ಹಿಡಿಸುವ ಬೊರೊಸಿಲಿಕೇಟ್ ಗಾಜಿನ ಬೌಲ್ ಬೇಕು. ಮೈಕ್ರೋವೇವ್‌ಗೆ ಅಂತಲೇ ಮಾರುವ ಗಾಜು ಅದು. ತಳ ಚಪ್ಪಟೆಗಿಂತ ಗುಂಡಗಿದ್ದರೆ ಒಳ್ಳೆಯದು, ಕಾಳು ಒಂದೇ ಕಡೆ ಗುಂಪಾಗಿ ಕೂತು ಒಂದಕ್ಕೊಂದು ಬಿಸಿ ಕೊಡುತ್ತವೆ. ತಳ ಅಗಲವಾಗಿದ್ದರೆ ಚೆದುರಿ ಹೋಗುತ್ತವೆ, ಅರಳದ ಕಾಳು ಜಾಸ್ತಿ ಉಳಿಯುತ್ತದೆ. ಮುಚ್ಚಲು ಬೌಲ್‌ನ ಬಾಯಿಗಿಂತ ಸ್ವಲ್ಪ ದೊಡ್ಡದಾದ ಪಿಂಗಾಣಿ ತಟ್ಟೆ. ಅಂಚಿಗೆ ಬಂಗಾರ ಬಣ್ಣದ ಗೆರೆ ಇರುವ ತಟ್ಟೆ ಬೇಡ, ಅದರಲ್ಲಿ ಲೋಹ ಇರುತ್ತದೆ, ಕಿಡಿ ಹಾರುತ್ತದೆ. ಸ್ಟೀಲ್, ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ.

ಪ್ಲಾಸ್ಟಿಕ್ ಡಬ್ಬಿಯ ಮೇಲೆ "ಮೈಕ್ರೋವೇವ್ ಸೇಫ್" ಅಂತ ಬರೆದಿರುತ್ತದಲ್ಲ, ಅದು ಅನ್ನ ಸಾರು ಬಿಸಿ ಮಾಡುವ ಲೆಕ್ಕ. ಸಾರು 100 ಡಿಗ್ರಿ ದಾಟುವುದಿಲ್ಲ. ಪಾಪ್‌ಕಾರ್ನ್ ಕಾಳು ಅದನ್ನು ಎಷ್ಟೋ ದಾಟುತ್ತದೆ. ತಳದಲ್ಲಿ ಕಾಳಿನ ಆಕಾರಕ್ಕೆ ಸರಿಯಾಗಿ ಗುಳಿ ಬಿದ್ದ ಡಬ್ಬಿಯನ್ನು ಗೆಳತಿಯೊಬ್ಬಳ ಮನೆಯಲ್ಲಿ ನೋಡಿದ್ದೇನೆ. ಪಾಪ್‌ಕಾರ್ನ್‌ಗೆ ಅಂತಲೇ ಬರುವ ಸಿಲಿಕೋನ್ ಬೌಲ್ ಪರವಾಗಿಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಜು ಮನೆಯಲ್ಲೇ ಇರುವಾಗ ಇನ್ನೊಂದು ಪಾತ್ರೆ ಯಾಕೆ ಅನ್ನುವುದಷ್ಟೇ ನನ್ನ ತಕರಾರು.

ಖಾಲಿ ಕಾಗದದ ಪೊಟ್ಟಣದಲ್ಲಿ ಕಾಳು ಹಾಕಿ ಬಾಯಿ ಮಡಚಿ ಇಡುವ ಉಪಾಯವೂ ಎಲ್ಲ ಕಡೆ ಓಡಾಡುತ್ತದೆ. ನನಗೆ ಅದು ಇಷ್ಟವಿಲ್ಲ. ಅಂಗಡಿಯ ಕಂದು ಚೀಲ ಯಾವ ಕಾಗದದ್ದು, ಯಾವ ಅಂಟಿನದು ಅಂತ ಗೊತ್ತಿರುವುದಿಲ್ಲ, ಬಿಸಿಗೆ ಹತ್ತಿಕೊಳ್ಳಲೂಬಹುದು. ನ್ಯೂಸ್‌ಪೇಪರ್ ಪೊಟ್ಟಣವಂತೂ ಬೇಡ. ಅದರ ಇಂಕಿನ ಕಾರಣಕ್ಕೆ ಸುಮ್ನೆ ತಿಂಡಿ ಕಟ್ಟಿ ಕೊಡುವುದೂ ಸರಿಯಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಅದನ್ನು ಮೈಕ್ರೋವೇವ್‌ನೊಳಗೆ ಕಾಯಿಸುವುದು ಇನ್ನೂ ಕೆಟ್ಟದ್ದು.

ಮಾಡುವ ಬಗೆ

1. ಕಾಲು ಕಪ್ ಕಾಳು ಅಳೆಯಿರಿ. ಸುಮಾರು 50 ಗ್ರಾಂ ಆಗುತ್ತದೆ. ಇಬ್ಬರಿಗೆ ಧಾರಾಳ. ನಾಲ್ಕು ಜನ ಇದ್ದಾರೆ ಅಂತ ಅರ್ಧ ಕಪ್ ಹಾಕಬೇಡಿ, ಎರಡು ಸಲ ಮಾಡಿ. ಕಿಕ್ಕಿರಿದರೆ ಮೇಲಿನದು ಸುಡುತ್ತದೆ, ಕೆಳಗಿನದು ಅರಳುವುದಿಲ್ಲ, ತಟ್ಟೆ ಬೇರೆ ಮೇಲಕ್ಕೆ ಏಳುತ್ತದೆ.

2. ಎಣ್ಣೆ ಬೇಕೇ ಬೇಕು ಅಂತಿಲ್ಲ. ಹಾಕುವುದಾದರೆ ಒಂದು ಚಹಾ ಚಮಚ ಸಾಕು. ಕಾಳಿಗೆಲ್ಲ ಸವರಿಕೊಳ್ಳುವ ಹಾಗೆ ಕಲಸಿ. ಇದರಿಂದ ಬಿಸಿ ಸ್ವಲ್ಪ ಸಮನಾಗಿ ಹರಡುತ್ತದೆ. ಉಪ್ಪು ಈಗಲೇ ಹಾಕಬೇಡಿ, ತಳದಲ್ಲಿ ಉಳಿದುಬಿಡುತ್ತದೆ.

3. ಬೌಲ್ ಮೇಲೆ ತಟ್ಟೆ ಮುಚ್ಚಿ. ಬಿಗಿಯಾಗಿ ಕೂರಬಾರದು. ಆವಿ ಹೋಗಲು ಸಣ್ಣ ಸಂದು ಇರಲಿ. ಬಿಗಿ ಮುಚ್ಚಳ ಹಾಕಿದರೆ ಅರಳಿದ ಕಾಳು ತನ್ನದೇ ಆವಿಯಲ್ಲಿ ಬೆಂದು ರಬ್ಬರ್ ಆಗುತ್ತದೆ. ಪೂರ್ತಿ ತೆರೆದಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

4. ಪೂರ್ತಿ ಪವರ್‌ನಲ್ಲಿ ನಾಲ್ಕು ನಿಮಿಷ ಇಡಿ. ಆದರೆ ನಾಲ್ಕು ನಿಮಿಷ ಮುಗಿಯುವವರೆಗೂ ಬಿಡಬೇಕು ಅಂತ ಅರ್ಥವಲ್ಲ. 800 ವ್ಯಾಟ್‌ನ ನಮ್ಮ ಮೈಕ್ರೋವೇವ್‌ನಲ್ಲಿ ಮೊದಲ ಕಾಳು ಸಿಡಿಯಲು ಎರಡು ನಿಮಿಷದ ಮೇಲಾಗುತ್ತದೆ, ಎಲ್ಲ ಮುಗಿಯಲು ಮೂರೂವರೆ. ನಿಮ್ಮದು ಬೇರೆ ಇರುತ್ತದೆ. "ಪಾಪ್‌ಕಾರ್ನ್" ಅಂತ ಬರೆದ ಬಟನ್ ಒತ್ತಬೇಡಿ. ಅದು ಚೀಲದ ಲೆಕ್ಕಕ್ಕೆ ಮಾಡಿದ್ದು.

5. ಈಗ ಕಿವಿಗೆ ಕೆಲಸ. ಪಕ್ಕದಲ್ಲೇ ನಿಲ್ಲಿ, ಮೊಬೈಲ್ ಹಿಡಿದು ಆಚೆ ಹೋಗಬೇಡಿ. ಸದ್ದು ಮೊದಲು ಬಿಡಿಬಿಡಿ, ಆಮೇಲೆ ಒಂದೇ ಸಮ, ಆಮೇಲೆ ಮತ್ತೆ ಬಿಡಿಬಿಡಿ. ಎರಡು ಸಿಡಿತದ ನಡುವೆ ಎರಡು ಸೆಕೆಂಡ್ ಅಂತರ ಬಂತು ಅಂದರೆ ನಿಲ್ಲಿಸಿ. ಎಲ್ಲವೂ ಅರಳಲಿ ಅಂತ ಇನ್ನರ್ಧ ನಿಮಿಷ ಆಸೆಪಟ್ಟರೆ, ಅರಳುವ ಐದು ಕಾಳಿಗಾಗಿ ಅರಳಿದ ಐನೂರು ಸುಡುತ್ತದೆ. ನಾನು ಹೊಗೆ ಮಾಡಿದ್ದು ಹೀಗೆಯೇ.

6. ಬೌಲ್ ಕೆಂಡದ ಹಾಗೆ ಕಾದಿರುತ್ತದೆ. ಅನ್ನದ ಪಾತ್ರೆ ಬಿಸಿ ಮಾಡಿದ ಹಾಗಲ್ಲ ಇದು. ದಪ್ಪ ಬಟ್ಟೆ ಅಥವಾ ಕೈಗವಸಿನಿಂದ ಹಿಡಿದು, ಒಣ ಬಟ್ಟೆಯ ಮೇಲೆ ಇಳಿಸಿ. ನಾನು ಆ ಬೌಲ್ ಒಡೆದದ್ದು ಒದ್ದೆ ಕಡಪ ಕಲ್ಲಿನ ಕಟ್ಟೆಯ ಮೇಲೆ ಇಟ್ಟು. ಕಾದ ಗಾಜಿಗೆ ತಣ್ಣನೆಯ ನೀರು ತಾಗಬಾರದು. ತಟ್ಟೆ ತೆಗೆಯುವಾಗ ನಿಮ್ಮ ಕಡೆಯ ಅಂಚನ್ನು ಕೆಳಗಿಟ್ಟು ಆಚೆ ಕಡೆಯದನ್ನು ಮೊದಲು ಎತ್ತಿ, ಆವಿ ಮುಖಕ್ಕೆ ಹೊಡೆಯುವುದಿಲ್ಲ.

7. ಕೂಡಲೇ ಅಗಲವಾದ ಪರಾತಕ್ಕೆ ಸುರಿದು ಒಂದು ನಿಮಿಷ ಹಾಗೇ ಬಿಡಿ. ಉಳಿದ ಆವಿ ಹೋಗಿ ಗರಿಗರಿಯಾಗುತ್ತದೆ. ಈ ಒಂದು ನಿಮಿಷ ಕಾಯುವುದೇ ಮಕ್ಕಳಿಗೆ ಕಷ್ಟ.

ಎರಡನೇ ಸಲ ಮಾಡುವಾಗ ಬೌಲ್ ಆಗಲೇ ಬಿಸಿ ಇರುತ್ತದೆ. ಮೂವತ್ತು ಸೆಕೆಂಡ್ ಮೊದಲೇ ಮುಗಿಯಬಹುದು, ಕಿವಿ ಕೊಟ್ಟಿರಿ.

ಉಪ್ಪು ಅಂಟಬೇಕಲ್ಲ

ಎಣ್ಣೆ ಇಲ್ಲದೆ ಅರಳಿಸಿದರೆ ಬರುವ ದೊಡ್ಡ ತೊಂದರೆ ಇದು. ಉಪ್ಪು ಉದುರಿ ತಳ ಸೇರುತ್ತದೆ. ರುಚಿ ಇಲ್ಲ ಅಂತ ಇನ್ನಷ್ಟು ಹಾಕುತ್ತೇವೆ, ಕೊನೆಯ ಹಿಡಿ ಬರೀ ಉಪ್ಪು. ನಾನು ಮಾಡುವುದು ಇಷ್ಟು: ಉಪ್ಪನ್ನು ಮಿಕ್ಸಿಯ ಚಿಕ್ಕ ಜಾರ್‌ನಲ್ಲಿ ಹಾಕಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ನುಣ್ಣಗಿನ ಉಪ್ಪು ಅಂಟುತ್ತದೆ, ನಾಲಿಗೆಗೆ ಬೇಗ ತಾಗುತ್ತದೆ, ಕಡಿಮೆಯೇ ಸಾಕಾಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಪಲ್ಯ, ಉಪ್ಪಿನಕಾಯಿಗೇ ಅದು ಮುಗಿದಿರುತ್ತದೆ. ಪಾಪ್‌ಕಾರ್ನ್‌ಗೆ ಎರಡು ಚಿಟಿಕೆ ಮೇಲೆ ಬೇಡ.

ಉಪ್ಪು ಬಿಟ್ಟರೆ ಒಗ್ಗರಣೆ. ನನ್ನ ಪ್ರಕಾರ ಪಾಪ್‌ಕಾರ್ನ್‌ಗೆ ಬೆಣ್ಣೆಗಿಂತ ಒಗ್ಗರಣೆಯೇ ಸರಿ. ಒಂದು ಚಹಾ ಚಮಚ ಶೇಂಗಾ ಎಣ್ಣೆ ಅಥವಾ ತುಪ್ಪ ಕಾಯಿಸಿ, ಸಾಸಿವೆ, ಚಿಟಿಕೆ ಇಂಗು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಹತ್ತು ಎಲೆ ಕರಿಬೇವು. ಬೆಳ್ಳುಳ್ಳಿ, ಕರಿಬೇವು ಪೂರ್ತಿ ಗರಿಗರಿ ಆಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಹಸಿ ಉಳಿದರೆ ಅದರ ನೀರು ಪಾಪ್‌ಕಾರ್ನ್ ಮೆತ್ತಗೆ ಮಾಡುತ್ತದೆ. ಉರಿ ಆರಿಸಿ ಅರಿಶಿನ, ಅಚ್ಚಖಾರದ ಪುಡಿ ಹಾಕಿ. ಒಗ್ಗರಣೆಯನ್ನು ಪಾಪ್‌ಕಾರ್ನ್ ಮೇಲೆ ಒಂದೇ ಕಡೆ ಸುರಿಯದೆ, ಪರಾತದ ಸುತ್ತ ಅಂಚಿಗೆ ಹಾಕುತ್ತಾ ಕೆಳಗಿನಿಂದ ಮೇಲೆ ಮಾಡಿ. ಚುರುಮುರಿ ಕಲಸುವ ಕೈ ಇದ್ದವರಿಗೆ ಗೊತ್ತಾಗುತ್ತದೆ. ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿದರೆ ಅದರ ಮುಂದೆ ಸಿನಿಮಾ ಮಂದಿರದ ಪಾಪ್‌ಕಾರ್ನ್ ಏನೂ ಅಲ್ಲ. ಚಟ್ನಿಪುಡಿಯಲ್ಲೇ ಉಪ್ಪು ಇರುತ್ತದೆ, ಬೇರೆ ಹಾಕಬೇಡಿ.

ನಿಂಬೆರಸ ಹಿಂಡುವ ಆಸೆ ಆದರೆ ತಡೆದುಕೊಳ್ಳಿ. ನಿಮಿಷದಲ್ಲಿ ಮುದುಡಿಹೋಗುತ್ತದೆ. ಹುಳಿ ಬೇಕಿದ್ದರೆ ಆಮ್ಚೂರ್ ಪುಡಿ.

ಸಿಹಿ ಪಾಪ್‌ಕಾರ್ನ್ ಬಗ್ಗೆ ಬರೆಯುವುದಿಲ್ಲ. ಬೆಲ್ಲ, ಸಕ್ಕರೆ ಮೈಕ್ರೋವೇವ್‌ನಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಸುಡುತ್ತದೆ, ಮೇಲಾಗಿ ಆರೋಗ್ಯದ ಲೆಕ್ಕವೂ ಕೆಡುತ್ತದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಬಿಡಿ ಉಪ್ಪಿನ ಪಾಪ್‌ಕಾರ್ನ್‌ಗೆ 5%, ಪ್ಯಾಕ್ ಮಾಡಿದ್ದಕ್ಕೆ 12%, ಕ್ಯಾರಮೆಲ್‌ಗೆ 18% ತೆರಿಗೆ ಅಂದಾಗ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನಮ್ಮ ಮನೆಯಲ್ಲಿ ಮಾತ್ರ ಆ ವಾರ ಎರಡು ಸಲ ಪಾಪ್‌ಕಾರ್ನ್ ಆಯಿತು, ಯಾವ ತೆರಿಗೆಯೂ ಇಲ್ಲದೆ.

ಅರಳದೆ ಉಳಿದರೆ

ಪ್ರತಿ ಸಲವೂ ಒಂದಿಷ್ಟು ಕಾಳು ತಳದಲ್ಲಿ ಉಳಿಯುತ್ತದೆ. ಚೀಲದಲ್ಲೂ ಉಳಿಯುತ್ತದೆ, ಬೌಲ್‌ನಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಒಪ್ಪಿಕೊಳ್ಳಬೇಕು. ಚೀಲದ ತಳದಲ್ಲಿ ಲೋಹದ ಲೇಪವಿರುವ ಒಂದು ಹಾಳೆ ಇರುತ್ತದೆ, ಅದು ಮೈಕ್ರೋವೇವ್‌ನ ಅಲೆಗಳನ್ನು ಹೀರಿ ಹೆಂಚಿನ ಹಾಗೆ ಕಾಯುತ್ತದೆ. ಚೀಲದ ಮಾಯೆ ಅಂತ ನಾನು ಅಂದುಕೊಂಡಿದ್ದದ್ದು ಅದನ್ನೇ. ಗಾಜಿಗೆ ಆ ಗುಣ ಇಲ್ಲ, ಅದು ಕಾಳಿನ ಬಿಸಿಯಿಂದಲೇ ನಿಧಾನ ಕಾಯಬೇಕು. ಹಾಗಂತ ಚೀಲ ಅನಿವಾರ್ಯವಲ್ಲ. 1940ರ ದಶಕದಲ್ಲಿ, ಮುಂದೆ ಮೈಕ್ರೋವೇವ್ ಒಲೆ ಕಂಡುಹಿಡಿದ ಅಮೆರಿಕದ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ರಡಾರ್ ಕೊಳವೆಯ ಮುಂದೆ ನಿಂತಾಗ ಜೇಬಿನ ಚಾಕೊಲೇಟ್ ಕರಗಿತಂತೆ. ಮುಂದೆ ಅವರು ತರಿಸಿ ನೋಡಿದ್ದು ಪಾಪ್‌ಕಾರ್ನ್ ಕಾಳನ್ನೇ ಅಂತ ಹೇಳುತ್ತಾರೆ. ಆಗ ಯಾವ ಚೀಲ ಇತ್ತು?

ಕಾಲು ಭಾಗಕ್ಕಿಂತ ಹೆಚ್ಚು ಕಾಳು ಉಳಿಯುತ್ತಿದೆ ಅಂದರೆ ಅದು ಮಾತ್ರ ಸರಿಯಲ್ಲ. ಕಾಳು ಹಳೆಯದಾಗಿ ಒಣಗಿದೆ. ಎಸೆಯಬೇಡಿ, ಅಜ್ಜಿಯ ಉಪಾಯ ಮಾಡಿ. ಮೂರು ಕಪ್ ಕಾಳಿಗೆ ಒಂದು ಊಟದ ಚಮಚ, ಅಂದರೆ 15 ಎಂಎಲ್ ನೀರು. ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಕುಲುಕಿ. ನೀರು ಪೂರ್ತಿ ಹೀರಿಕೊಳ್ಳುವವರೆಗೆ ಆಗಾಗ ಕುಲುಕುತ್ತಿರಿ. ಮೂರು ದಿನ ಬಿಟ್ಟು ಒಂದು ಚಮಚ ಕಾಳು ಅರಳಿಸಿ ನೋಡಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಇರುವವರಿಗೆ ಇದು ಬೇಕಾಗುವುದು ಜಾಸ್ತಿ. ಮಳೆಗಾಲದ ಮಲೆನಾಡಿನಲ್ಲಿ ತೊಂದರೆ ತಿರುಗುಮುರುಗು. ತೆರೆದಿಟ್ಟ ಕಾಳು ನೀರು ಹೀರಿ, ಅರಳಿದ್ದು ಚಿಕ್ಕದಾಗಿ ಗಟ್ಟಿಯಾಗಿ ಬರುತ್ತದೆ. ಅರ್ಧ ದಿನ ಬಿಸಿಲಿಗೆ ಹರಡಿದರೆ ಸರಿಹೋಗುತ್ತದೆ, ಬಿಸಿಲು ಇದ್ದರೆ.

ಸಿಪ್ಪೆ ಬಿರುಕು ಬಿಟ್ಟ ಕಾಳು ಏನು ಮಾಡಿದರೂ ಅರಳುವುದಿಲ್ಲ, ಆವಿ ಸೋರಿಹೋಗುತ್ತದೆ. ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ. ಗೊಬ್ಬರದ ಡಬ್ಬಿಗೆ ಹಾಕಿ.

ಚೀಲ ಬಿಟ್ಟರೆ ಉಳಿಯುವುದೇನು

ದುಡ್ಡಿನ ಲೆಕ್ಕ ಮೊದಲು. ಅರ್ಧ ಕೆಜಿ ಕಾಳಿಗೆ ನೂರು ರೂಪಾಯಿ ಅಂತಲೇ ಹಿಡಿಯಿರಿ. 50 ಗ್ರಾಂನಂತೆ ಹತ್ತು ಸಲ ಬರುತ್ತದೆ, ಒಂದು ಸಲಕ್ಕೆ ಹತ್ತು ರೂಪಾಯಿ. ಕರೆಂಟು? ಮೈಕ್ರೋವೇವ್ ಓಡುವಾಗ ಸುಮಾರು 1,200 ವ್ಯಾಟ್ ಎಳೆಯುತ್ತದೆ ಅಂದುಕೊಂಡರೂ ನಾಲ್ಕು ನಿಮಿಷಕ್ಕೆ 0.08 ಯೂನಿಟ್, ಐವತ್ತು ಪೈಸೆಯ ಆಸುಪಾಸು. ಮೈಕ್ರೋವೇವ್ ಚೀಲದ ಮೇಲಿನ ಬೆಲೆ, ಗ್ರಾಂ ನೋಡಿ ನೀವೇ ಹೋಲಿಸಿಕೊಳ್ಳಿ. ಸಿನಿಮಾ ಮಂದಿರದ ಬೆಲೆಯ ಜೊತೆ ಹೋಲಿಸಬೇಡಿ, ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಕಸದ ಲೆಕ್ಕದಲ್ಲಿ ಒಂದು ಚೀಲ ಅಂದರೆ ಹೊರಗಿನ ಪ್ಲಾಸ್ಟಿಕ್ ಹೊದಿಕೆ, ಒಳಗೆ ಎಣ್ಣೆ ಹೀರಿದ ಕಾಗದ, ಕಾಗದಕ್ಕೆ ಅಂಟಿದ ಲೋಹದ ಲೇಪದ ಹಾಳೆ. ಬಿಡಿಸಲು ಬರುವುದಿಲ್ಲ. ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ. ಬೌಲ್‌ಗೆ ಒಂದು ತೊಳೆತ ಸಾಕು.

ಆರೋಗ್ಯದ ವಿಷಯದಲ್ಲಿ ಹೆದರಿಸುವ ಮಾತು ಜಾಸ್ತಿ ಓಡಾಡುತ್ತವೆ, ಅಷ್ಟು ಬೇಡ. ಆದರೆ ಎರಡು ವಿಷಯ ನಿಜ. ಕೃತಕ ಬೆಣ್ಣೆ ಪರಿಮಳಕ್ಕೆ ಡಯಾಸಿಟೈಲ್ ಅನ್ನುವ ರಾಸಾಯನಿಕ ಬಳಸುತ್ತಿದ್ದರು. 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಹಬೆ ಉಸಿರಾಡುತ್ತಿದ್ದ ಕೆಲಸಗಾರರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂದದ್ದು ಬೆಳಕಿಗೆ ಬಂತು. 2007ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಅದನ್ನು ಕೈಬಿಡುವುದಾಗಿ ಹೇಳಿದವು. ಇನ್ನೊಂದು, ಚೀಲದಿಂದ ಎಣ್ಣೆ ಸೋರದಂತೆ ಬಳಿಯುತ್ತಿದ್ದ ಪಿಫಾಸ್ ಎಂಬ ಗುಂಪಿನ ರಾಸಾಯನಿಕಗಳು. ಅಂಥ ಲೇಪಗಳ ಮಾರಾಟ ಅಮೆರಿಕದಲ್ಲಿ ನಿಂತಿದೆ ಅಂತ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ 2024ರ ಫೆಬ್ರವರಿಯಲ್ಲಿ ತಿಳಿಸಿತು. ನಮ್ಮ ಅಂಗಡಿಯ ಚೀಲದಲ್ಲಿ ಏನಿದೆ ಅಂತ ತಲೆಕೆಡಿಸಿಕೊಳ್ಳುವುದಕ್ಕಿಂತ ಗಾಜಿನ ಬೌಲ್ ವಾಸಿ ಅಲ್ವಾ?

ಇನ್ನು ಕಾಳಿನದೇ ಗುಣ. ಪಾಪ್‌ಕಾರ್ನ್ ಇಡೀ ಧಾನ್ಯ, ಸಿಪ್ಪೆ ಸಮೇತ ತಿನ್ನುತ್ತೇವೆ. 50 ಗ್ರಾಂನಲ್ಲಿ ಸುಮಾರು 190 ಕ್ಯಾಲರಿ, ಏಳು ಗ್ರಾಂ ನಾರು. ಒಂದು ಚಮಚ ಎಣ್ಣೆ ಹಾಕಿದರೆ ಇನ್ನೊಂದು 40 ಕ್ಯಾಲರಿ ಸೇರುತ್ತದೆ. ಇಬ್ಬರು ಹಂಚಿಕೊಂಡರೆ ಸಂಜೆಯ ತಿಂಡಿಗೆ ಏನೇನೂ ಜಾಸ್ತಿಯಲ್ಲ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಲ್ಲು ಕಟ್ಟಿಸಿಕೊಂಡ ಹಿರಿಯರಿದ್ದರೆ ಅರಳದ ಕಾಳು ಆರಿಸಿ ಕೊಡಿ. ಒಳಗೆ ಬೆಂಕಿ ಕಾಣಿಸಿದರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ, ಗಾಳಿ ಸಿಗದೆ ತಾನೇ ಆರುತ್ತದೆ. ಸುಟ್ಟ ವಾಸನೆ ಹೋಗಲು ಒಂದು ಬಟ್ಟಲು ನೀರಿಗೆ ನಿಂಬೆ ಹೋಳು, ಮರದ ಚಮಚ ಹಾಕಿ ಮೂರು ನಿಮಿಷ ಕುದಿಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ.

ಹೋದ ಪಂಚಮಿಗೆ ಊರಿಂದ ಅಳ್ಳಿನ ಜೋಳ ಬಂದಿತ್ತು. ಅದನ್ನೂ ಬೌಲ್‌ನಲ್ಲಿ ಪ್ರಯತ್ನ ಮಾಡಿದೆ. ನೀರು ಚಿಮುಕಿಸಿ ಬಟ್ಟೆ ಮುಚ್ಚಿಟ್ಟು, ಚಿಕ್ಕ ಗಾಜಿನ ಬಟ್ಟಲಲ್ಲಿ ಎರಡೇ ಚಮಚ. ಅರಳಿತು, ಮಲ್ಲಿಗೆ ಮೊಗ್ಗಿನಷ್ಟು ಚಿಕ್ಕದಾಗಿ. ಆದರೆ ಅರ್ಧಕ್ಕರ್ಧ ಹಾಗೇ ಉಳಿಯಿತು. ಅಳ್ಳಿಗೆ ಬಾಣಲೆಯೇ ಸರಿ. ಉಳಿದ ಜೋಳವನ್ನು ಜರಡಿ ಹಿಡಿದು ತೆಗೆದು, ಮಿಕ್ಸಿಯಲ್ಲಿ ಬೀಸಿ ರೊಟ್ಟಿ ಹಿಟ್ಟಿಗೆ ಸೇರಿಸಿದೆ.